ಬಿಸಿಲಿನಿಂದ ಎತ್ತಿದ ನೀರಿನ ಬೆಲೆ

ಬಯಲುಸೀಮೆಯಲ್ಲಿ ಬಿಸಿಲಿಗೆ ಮಾತ್ರ ಬರವಿಲ್ಲ. ಆ ಬಿಸಿಲಿನಿಂದಲೇ ನೀರೆತ್ತಬಹುದಾದರೆ ರೈತನ ಬಾಳು ಹಸನಾದೀತೆಂಬ ಎಣಿಕೆ ಸಹಜವಾದುದೇ. ನಡುರಾತ್ರಿ ಬರುವ ವಿದ್ಯುತ್ತಿಗಾಗಿ ನಿದ್ದೆಗೆಟ್ಟು, ಹಾವು ಹುಳುಗಳ ಭಯದಲ್ಲಿ ಮೋಟಾರಿನ ಬಳಿಗೆ ನಡೆಯುವವನಿಗೆ ಹಗಲಲ್ಲಿ ಓಡುವ ಪಂಪು ವರವೇ ಸರಿ. ಆದರೆ ಆ ವರದ ಲೆಕ್ಕವನ್ನೂ ನೋಡಬೇಕಷ್ಟೆ.

ಡೀಸೆಲ್ ಪಂಪು ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ. ಸೌರ ಪಂಪು ಇದಕ್ಕೆ ತಿರುಗುಮುರುಗು. ಇಪ್ಪತ್ತೈದು ವರ್ಷಗಳ ಇಂಧನವನ್ನು ಒಂದೇ ದಿನ ಕೊಂಡಂತೆ. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯ ಸಹಾಯಧನ ಈ ಮೊದಲ ದಿನದ ಹೊರೆಗಾಗಿಯೇ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತ. ಹಾಗಾಗಿ ಲೈನು ಇರುವ ರೈತನಿಗೆ ಸೌರ ಪಂಪಿನಿಂದ ಉಳಿಯುವುದು ಹಣಕ್ಕಿಂತ ಹೆಚ್ಚಾಗಿ ನಿದ್ದೆ.

ಇನ್ನು ಆಳದ ಮಾತು. ಐದು ಕಿಲೋವಾಟಿನ ಫಲಕಗಳು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 20 ಯೂನಿಟ್ ಕೊಡುತ್ತವೆ. ಪಂಪಿನಲ್ಲಿ ಅರ್ಧ ಶಕ್ತಿ ನಷ್ಟವೆಂದು ಹಿಡಿದರೆ, ನೂರು ಅಡಿಯಿಂದ ಇಷ್ಟು ವಿದ್ಯುತ್ತಿಗೆ 1,20,000 ಲೀಟರ್ ನೀರು ಮೇಲೇರುತ್ತದೆ. ಕೋಲಾರದ ಕಡೆ ಕೊಳವೆ ಬಾವಿಗಳು ಸಾವಿರ ಅಡಿ ದಾಟಿರುವುದುಂಟು. ಅಲ್ಲಿಂದ ಬರುವುದು 12,000 ಲೀಟರ್ ಮಾತ್ರ. ಒಂದು ಎಕರೆಗೆ ಹರಡಿದರೆ ಮೂರು ಮಿಲಿಮೀಟರ್! ಅಂತರ್ಜಲ ಕುಸಿದಷ್ಟೂ ಅದೇ ಬಿಸಿಲಿನ ಫಲ ಕಡಿಮೆ.

ಕುಸಿತದ ವೇಗಕ್ಕೆ ಸೌರ ಪಂಪೇ ಇಂಬು ಕೊಡಬಹುದೆಂಬುದು ಇಲ್ಲಿನ ತೊಡಕು. ಕಪಿಲೆಯ ಕಾಲದಲ್ಲಿ ಎತ್ತು ದಣಿಯುತ್ತಿತ್ತು. ಡೀಸೆಲ್ಲಿಗೆ ದುಡ್ಡು ತೆರಬೇಕು. ಬಿಸಿಲಿಗೆ ದಣಿವೂ ಇಲ್ಲ, ದರವೂ ಇಲ್ಲ. ಇನ್ನೊಂದು ಗಂಟೆ ಪಂಪು ಓಡಲಿ ಎನ್ನಲು ಯಾವ ಅಡ್ಡಿಯಿದೆ?

ಗುಜರಾತಿನ ಖೇಡಾ ಜಿಲ್ಲೆ ಬರಡು ಸೀಮೆಯೇನಲ್ಲ. ಆದರೂ ಅಲ್ಲಿನ ಢುಂಡಿ ಗ್ರಾಮ ಈ ಪ್ರಶ್ನೆಗೆ ಒಂದು ದಾರಿ ತೋರಿತು. ಆರು ಮಂದಿ ರೈತರಿಂದ ಮೊದಲಾದ ಅಲ್ಲಿನ ಸಹಕಾರ ಸಂಘ, ನೀರೆತ್ತಿ ಮಿಕ್ಕ ವಿದ್ಯುತ್ತನ್ನು 2016ರಿಂದ ವಿದ್ಯುತ್ ಕಂಪನಿಗೆ ಯೂನಿಟ್ಟಿಗೆ 4.63 ರೂಪಾಯಿಯಂತೆ ಮಾರತೊಡಗಿತು. ಈ ದರದಲ್ಲಿ ಸಾವಿರ ಅಡಿಯಿಂದೆತ್ತಿದ ಸಾವಿರ ಲೀಟರಿಗೆ ಸುಮಾರು ಏಳೂವರೆ ರೂಪಾಯಿಯ ವಿದ್ಯುತ್ ಖರ್ಚಾದಂತೆ. ಕೈಗೆ ಬರಬಹುದಾದ ಹಣ ಕಾಲುವೆಯಲ್ಲಿ ಹರಿದುಹೋಗುತ್ತಿದೆಯೆಂದು ಕಂಡಾಗ ರೈತ ಹನಿ ನೀರಾವರಿಯನ್ನು ತಾನಾಗಿಯೇ ವಿಚಾರಿಸಿಯಾನು. ನೀರು ಬೇಡದ 150 ದಿನಗಳಲ್ಲಿ, ಮೋಡದ ದಿನಗಳನ್ನು ಲೆಕ್ಕಿಸಿ ದಿನಕ್ಕೆ 15 ಯೂನಿಟ್ ಮಾರಿದರೂ ಹತ್ತು ಸಾವಿರ ರೂಪಾಯಿಗೆ ಮಿಕ್ಕಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಇದು ಸಣ್ಣ ಮಾತಲ್ಲ.

ಕರ್ನಾಟಕವೂ 2014ರಲ್ಲಿ 'ಸೂರ್ಯ ರೈತ' ಯೋಜನೆಯ ಮೂಲಕ ಮಿಕ್ಕ ವಿದ್ಯುತ್ತನ್ನು ಕೊಳ್ಳುವ ದಾರಿಗೆ ಕೈಹಾಕಿತು. ಇದಕ್ಕೆ ಲೈನು ಬೇಕು, ಮೀಟರು ಬೇಕು, ಹಣವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸುವ ಕಂಪನಿ ಬೇಕು. ಲೈನಿನಿಂದ ದೂರವಿರುವ ಹೊಲದಲ್ಲಿ ಅದೇ ಫಲಕಗಳಿಗೆ ಹಿಟ್ಟಿನ ಗಿರಣಿಯನ್ನೋ ಮೇವು ಕತ್ತರಿಸುವ ಯಂತ್ರವನ್ನೋ ಜೋಡಿಸಬಹುದು. ಅದೂ ಇಲ್ಲದಿದ್ದರೆ ಅವು ವರ್ಷದ ಬಹುಕಾಲ ಸುಮ್ಮನೆ ಬಿಸಿಲು ಕಾಯಿಸುತ್ತಿರುತ್ತವೆ.