ಗಣಕವೈದ್ಯನ ಹಗಲೂ ಇರುಳೂ

ಗಣಕಯಂತ್ರವು ಹಟ ಹಿಡಿದು ಕುಳಿತಾಗ ನಾವೆಲ್ಲರೂ ಮೊದಲು ಮಾಡುವ ಕೆಲಸವೇನು? ಅದನ್ನು ಆರಿಸಿ ಮತ್ತೆ ಚಾಲೂ ಮಾಡುವುದು. ಅದರಿಂದ ಗುಣ ಕಾಣದಿದ್ದರೆ ಎರಡನೆಯ ಕೆಲಸ, ಯಾರನ್ನಾದರೂ ದೂರುವುದು. ಕಳೆದ ವರ್ಷ ನಮ್ಮ ಕಾಲೇಜಿನ ಗಣಕಶಾಲೆಯಲ್ಲಿ ನಾವು ಈ ಎರಡನ್ನೂ ಕ್ರಮವಾಗಿ ಮಾಡಿ ಮುಗಿಸಿದೆವು.

ಅಂದು ವಿದ್ಯಾರ್ಥಿವೇತನದ ಅರ್ಜಿಗೆ ಕಡೆಯ ದಿನ. ಅರ್ಜಿಯನ್ನು ಅಂತರಜಾಲದ ಮೂಲಕವೇ ತುಂಬಿ ಕಳುಹಿಸತಕ್ಕದ್ದು. ಶಾಲೆಯಲ್ಲಿದ್ದ 16 ಯಂತ್ರಗಳ ಪೈಕಿ 6 ಯಂತ್ರಗಳು ಆ ಪುಟವನ್ನು ತೆರೆಯಲೊಲ್ಲವು; ಸಂಪರ್ಕವು ನಂಬತಕ್ಕದ್ದಲ್ಲವೆಂಬ ಎಚ್ಚರಿಕೆಯನ್ನು ತೋರಿಸಿ ಸುಮ್ಮನಾಗುತ್ತಿದ್ದುವು. ಹೊರಗೆ ಪಡಸಾಲೆಯಲ್ಲಿ ವಿದ್ಯಾರ್ಥಿಗಳ ಸಾಲು ಬೆಳೆಯುತ್ತಿತ್ತು. ಅವರಲ್ಲಿ ಅರ್ಧಕ್ಕೂ ಮಿಕ್ಕವರು ಸುತ್ತಲಿನ ಹಳ್ಳಿಗಳವರು. ಅವರ ಊರುಗಳ ಕಡೆಗೆ ಹೋಗುವ ಕೊನೆಯ ಬಸ್ಸು ಸಂಜೆ ಆರಕ್ಕೆ. ನಾವು ಸಂಪರ್ಕ ಒದಗಿಸುವ ಕಂಪೆನಿಯವರೊಡನೆ ದೂರವಾಣಿಯಲ್ಲಿ ಎರಡು ಗಂಟೆ ಕಾಲ ವಾದ ಮಾಡಿ, ನಮ್ಮ ಗಂಟಲನ್ನೂ ಅವರ ತಾಳ್ಮೆಯನ್ನೂ ಬರಿದುಮಾಡಿದೆವು.

ಮೂರು ಗಂಟೆಗೆ ನಮ್ಮ ಗಣಕವೈದ್ಯನು ಬಂದನು. ಈತನು ಯಾವ ಸಂಸ್ಥೆಯ ನೌಕರನೂ ಅಲ್ಲ. ನಮ್ಮ ಕಾಲೇಜು, ಒಂದೆರಡು ಸಹಕಾರ ಸಂಘಗಳು, ಪೇಟೆಯ ಕೆಲವು ಅಂಗಡಿಗಳು, ಇವರೊಡನೆ ವರ್ಷದ ಗುತ್ತಿಗೆ ಮಾಡಿಕೊಂಡು, ಕೆಟ್ಟ ಯಂತ್ರಗಳನ್ನು ನೇರ್ಪುಗೊಳಿಸುವುದು ಈತನ ಜೀವನೋಪಾಯ. ನಮ್ಮ ದೂರನ್ನು ಪೂರ್ತಿಯಾಗಿ ಕೇಳುವ ವ್ಯವಧಾನವನ್ನೂ ತೋರದೆ, ತನ್ನ ಜೇಬಿನಲ್ಲಿದ್ದ ದೂರವಾಣಿಯನ್ನು ನಮ್ಮ ಸಂಪರ್ಕಕ್ಕೇ ಜೋಡಿಸಿ ಅದೇ ಪುಟವನ್ನು ತೆರೆದನು. ಅದು ತೆರೆಯಿತು. ಈ ಒಂದು ಪ್ರಯೋಗದಿಂದ ಕಂಪೆನಿ, ಅದರ ತಂತಿ, ಅರ್ಜಿಯನ್ನು ಸ್ವೀಕರಿಸುವ ದೂರದ ಯಂತ್ರ, ಎಲ್ಲವೂ ನಿರ್ದೋಷಿಗಳಾದುವು. ಬಳಿಕ ಕೆಟ್ಟ ಯಂತ್ರದ ತಂತಿಯನ್ನು ಒಳ್ಳೆಯ ಯಂತ್ರಕ್ಕೂ ಒಳ್ಳೆಯದರ ತಂತಿಯನ್ನು ಕೆಟ್ಟದಕ್ಕೂ ಬದಲಿಸಿದನು. ದೋಷವು ತಂತಿಯ ಜೊತೆಗೆ ಹೋಗದೆ ಯಂತ್ರದಲ್ಲಿಯೇ ಉಳಿಯಿತು. ಆಮೇಲೆ ಪರದೆಯ ಕೆಳಮೂಲೆಗೆ ಬೆರಳಿಟ್ಟು ತೋರಿಸಿದನು. ಅಲ್ಲಿ ದಿನಾಂಕವು ಜನವರಿ 1 ಎಂದಿತ್ತು. ಇಸವಿಯು ಆರು ವರ್ಷ ಹಿಂದಿನದು!

ಗಡಿಯಾರ ಹಿಂದೆ ಬಿದ್ದರೆ ಪುಟವೇಕೆ ತೆರೆಯಬಾರದು? ವಾಚಕರಿಗೆ ಈ ಪ್ರಶ್ನೆ ಸಹಜವಾಗಿಯೇ ಹುಟ್ಟುವುದು. ಗೋಪ್ಯವಾದ ವಿವರಗಳನ್ನು ಸ್ವೀಕರಿಸುವ ಪ್ರತಿಯೊಂದು ಜಾಲತಾಣವೂ ತಾನು ಇಂಥದೇ ಎಂಬುದಕ್ಕೆ ಒಂದು ಪ್ರಮಾಣಪತ್ರವನ್ನು ಮುಂದೊಡ್ಡುತ್ತದೆ. ಆ ಪತ್ರದಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ಇದು ಸಿಂಧುವೆಂದು ನಮೂದಾಗಿರುತ್ತದೆ. ಆರು ವರ್ಷ ಹಿಂದೆ ನಿಂತಿರುವ ಯಂತ್ರದ ಲೆಕ್ಕದಲ್ಲಿ ಈ ಪತ್ರವು ಇನ್ನೂ ಹುಟ್ಟಿಯೇ ಇಲ್ಲ! ಹುಟ್ಟದವನ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಸ್ವೀಕರಿಸದಷ್ಟೆ. ಯಂತ್ರವು ತನ್ನ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡಿತ್ತು. ಗಣಕಗಳು ಆಗಾಗ ಜಾಲದಿಂದ ವೇಳೆಯನ್ನು ಕೇಳಿ ತಿದ್ದಿಕೊಳ್ಳುವುದುಂಟು. ಆದರೆ ಅಂತರವು ನಿಮಿಷಗಳದ್ದಾಗಿರದೆ ವರ್ಷಗಳದ್ದಾದರೆ, ಕೆಲವು ವ್ಯವಸ್ಥೆಗಳು ಆ ತಿದ್ದುಪಡಿಯನ್ನೇ ಸಂಶಯಿಸಿ ತಳ್ಳಿಹಾಕುತ್ತವೆ.

ಇನ್ನು ಗಡಿಯಾರದ ವಿಚಾರ. ಗಣಕದ ಒಳಗೆ, ಯಂತ್ರವು ಆರಿರುವಾಗಲೂ ನಡೆಯುವ ಒಂದು ಪುಟ್ಟ ಗಡಿಯಾರವಿದೆ. ಅದರ ಲೋಲಕವು ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಒಂದು ಬೆಣಚಿನ ಹರಳು. ಉದ್ದ ಕೆಲವೇ ಮಿಲಿಮೀಟರು. ಬೆಣಚಿನ ಹರಳನ್ನು ಒತ್ತಿದರೆ ಅದರ ಮುಖಗಳ ಮೇಲೆ ವಿದ್ಯುದಂಶವು ಕಾಣಿಸಿಕೊಳ್ಳುವುದೆಂದು ಝಾಕ್ ಮತ್ತು ಪಿಯೆರ್ ಕ್ಯೂರಿ ಎಂಬ ಸೋದರರು 1880ರಲ್ಲಿ ಕಂಡುಹಿಡಿದರು. ಇದರ ವಿಲೋಮವೂ ಸತ್ಯ: ವಿಭವವನ್ನು ಹಚ್ಚಿದರೆ ಹರಳು ಅತ್ಯಲ್ಪವಾಗಿ ಬಾಗುತ್ತದೆ. ಆದುದರಿಂದ ತಕ್ಕ ಮಂಡಲದಲ್ಲಿ ಸೇರಿಸಿದಾಗ ಹರಳು ತನ್ನ ಸಹಜವಾದ ಆವೃತ್ತಿಯಲ್ಲಿ ಸ್ಪಂದಿಸುತ್ತಲೇ ಇರುವುದು. ಗಡಿಯಾರದ ಹರಳಿಗೆ ಈ ಆವೃತ್ತಿಯು ಸೆಕೆಂಡಿಗೆ 32,768. ಇಂಥ ವಿಚಿತ್ರ ಸಂಖ್ಯೆಯೇಕೆ? ಅದನ್ನು ಎರಡರಿಂದ ಭಾಗಿಸಿರಿ. ಬಂದುದನ್ನು ಮತ್ತೆ ಎರಡರಿಂದ ಭಾಗಿಸಿರಿ. ಹೀಗೆ 15 ಸಾರಿ ಮಾಡಿದರೆ ಉಳಿಯುವುದು ಸರಿಯಾಗಿ 1. ಎರಡರಿಂದ ಭಾಗಿಸುವುದು ಗಣಕದ ಮಂಡಲಗಳಿಗೆ ಅತ್ಯಂತ ಸುಲಭವಾದ ಕೆಲಸ. ಹದಿನೈದು ಮೆಟ್ಟಿಲು ಇಳಿದರೆ ಸೆಕೆಂಡಿಗೊಂದು ಮಿಡಿತವು ಸಿದ್ಧ. ಅಗ್ಗದ ಹರಳಿನಲ್ಲಿಯೂ ತಪ್ಪು ಹತ್ತು ಲಕ್ಷದಲ್ಲಿ 20 ಪಾಲಿನಷ್ಟು, ಎಂದರೆ ದಿನಕ್ಕೆ ಸುಮಾರು 1.7 ಸೆಕೆಂಡು. ದೊಡ್ಡ ಲೋಲಕವುಳ್ಳ ಗೋಡೆಯ ಗಡಿಯಾರಗಳಿಗೆ ಇಷ್ಟು ನಿಷ್ಠೆಯಿರುವುದು ಅಪರೂಪ.

ಈ ಗಡಿಯಾರಕ್ಕೆ ಅನ್ನವೆಂದರೆ ನಾಣ್ಯದಂಥ ಒಂದು ಲಿಥಿಯಮ್ ಬಿಲ್ಲೆ. ಅದರ ಮೇಲೆ ಸಿ.ಆರ್. 2032 ಎಂದು ಬರೆದಿರುವುದನ್ನು ನೀವು ನೋಡಿರಬಹುದು. 20 ಎಂದರೆ ಮಿಲಿಮೀಟರಿನಲ್ಲಿ ಅದರ ವ್ಯಾಸ, 32 ಎಂದರೆ 3.2 ಮಿಲಿಮೀಟರು ದಪ್ಪ. ಅದರಲ್ಲಿ ಅಡಗಿರುವುದು ಸುಮಾರು 220 ಮಿಲಿಆಂಪಿಯರ್-ಗಂಟೆಯಷ್ಟು ಸರಕು. ಗಡಿಯಾರವು ಒಂದು ಮಿಲಿಆಂಪಿಯರಿನ ಇನ್ನೂರರಲ್ಲೊಂದು ಪಾಲನ್ನು ಎಳೆಯುವುದೆಂದು ಇಟ್ಟುಕೊಂಡರೆ, ಬಿಲ್ಲೆಯು 44,000 ಗಂಟೆ, ಅರ್ಥಾತ್ ಐದು ವರ್ಷ ಬಾಳಬೇಕು. ಯಂತ್ರಕ್ಕೆ ಗೋಡೆಯ ವಿದ್ಯುತ್ತು ದೊರೆಯುತ್ತಿರುವಷ್ಟು ಕಾಲವೂ, ಯಂತ್ರ ಆರಿದ್ದರೂ ಕೂಡ, ಗಡಿಯಾರವು ಬಿಲ್ಲೆಯನ್ನು ಮುಟ್ಟದೆ ಆ ವಿದ್ಯುತ್ತಿನಿಂದಲೇ ನಡೆಯುತ್ತದೆ. ಹಾಗಿದ್ದ ಮೇಲೆ ನಮ್ಮ ಬಿಲ್ಲೆಗಳು ಇನ್ನೂ ಹೆಚ್ಚು ಬಾಳಬೇಕಾಗಿತ್ತು. ಬಾಳಲಿಲ್ಲವೇಕೆ? ಸಂಜೆ ಶಾಲೆಯನ್ನು ಮುಚ್ಚುವಾಗ ಮುಖ್ಯ ಸ್ವಿಚ್ಚನ್ನು ತಪ್ಪದೆ ಆರಿಸಬೇಕು, ಬೇಸಗೆಯ ರಜೆಯುದ್ದಕ್ಕೂ ಆರಿಸಿಯೇ ಇರಬೇಕು ಎಂಬ ನಿಯಮವೊಂದು ಬಾಗಿಲ ಮೇಲೆ ಅಂಟಿಸಿತ್ತು. ಅದರ ಕೆಳಗೆ ಸಹಿ ನಮ್ಮದೇ. ನಿಯಮವು ಈಗಲೂ ಅಲ್ಲಿಯೇ ಇದೆ. ಬೆಂಕಿಯ ಅಪಾಯಕ್ಕಿಂತ ಬಿಲ್ಲೆಯ ಬೆಲೆ ಅಗ್ಗವೆಂದು ನಮ್ಮ ಮತ.

ಮಿತ್ರನು ಆರು ಯಂತ್ರಗಳ ದಿನಾಂಕವನ್ನೂ ಕೈಯಿಂದಲೇ ತಿದ್ದಿದನು, ಪುಟಗಳು ತೆರೆದುಕೊಂಡುವು. ಬಿಲ್ಲೆಗಳನ್ನು ಮರುದಿನ ಬದಲಾಯಿಸಿದನು. ಕಳಚಿದ ಬಿಲ್ಲೆಗಳನ್ನು ಅಳೆದು ನೋಡಿದಾಗ 3 ವೋಲ್ಟ್ ಇರಬೇಕಾದ ಕಡೆ 2 ವೋಲ್ಟ್ ಮಾತ್ರ ಇತ್ತು. ಅಂದಿನ ಕೊನೆಯ ಅರ್ಜಿ ಹೋದದ್ದು ಐದೂ ಮುಕ್ಕಾಲಿಗೆ. ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತೆಂಬುದು ನಮ್ಮ ಪುಣ್ಯ.

ಆತನ ಪ್ರಶ್ನೆಗಳ ಕ್ರಮವನ್ನು ಇಲ್ಲಿ ಮತ್ತೊಮ್ಮೆ ಗಮನಿಸಬೇಕು. ದೋಷವು ಎಲ್ಲಿರಬಹುದೋ ಆ ಕ್ಷೇತ್ರವನ್ನೆಲ್ಲ ಒಂದೊಂದು ಪ್ರಶ್ನೆಯೂ ಸುಮಾರಾಗಿ ಎರಡು ಭಾಗ ಮಾಡಿ, ಒಂದನ್ನು ಕಳಚಿಹಾಕುತ್ತಿತ್ತು. 16 ಕಡೆಗಳಲ್ಲಿ ಒಂದು ಕಡೆ ದೋಷವಿದ್ದರೆ ಇಂಥ ನಾಲ್ಕು ಪ್ರಶ್ನೆಗಳು ಸಾಕು. 1,024 ಕಡೆಗಳಿದ್ದರೂ ಹತ್ತೇ ಪ್ರಶ್ನೆಗಳು. ಹರಳಿನ ಆವೃತ್ತಿಯನ್ನು ಹದಿನೈದು ಮೆಟ್ಟಿಲುಗಳಲ್ಲಿ ಒಂದಕ್ಕೆ ಇಳಿಸಿದ ಗಣಿತವೇ ಇದು. ಆದರೆ ಒಂದು ಮಾತು: ದೋಷವು ಒಂದೇ ಎಂದು ಈ ಉಪಾಯವು ನಂಬಿರುತ್ತದೆ. ಎರಡು ದೋಷಗಳು ಜೊತೆಗೂಡಿದಾಗ ಅತಿ ಚತುರನೂ ದಾರಿ ತಪ್ಪುವುದುಂಟು. ಅಂಥ ದಿನ ನಮ್ಮ ಮಿತ್ರನು ಮಾತು ಬಿಟ್ಟು ಕಾಫಿಗೆ ಹೊರಡುತ್ತಾನೆ.

ದಿನನಿತ್ಯದ ಇತರ ಚಿಕಿತ್ಸೆಗಳೂ ಭೌತಶಾಸ್ತ್ರವೇ. ಯಂತ್ರವು ಏಳದೆ ಕೂಗಾಡಿದರೆ ಆತನು ನೆನಪಿನ ಪಟ್ಟಿಯನ್ನು ಕಿತ್ತು, ಅದರ ಹೊನ್ನಿನ ಹಲ್ಲುಗಳನ್ನು ಆಲ್ಕೋಹಾಲಿನಿಂದ ಒರೆಸಿ, ಪುನಃ ಸಿಕ್ಕಿಸುತ್ತಾನೆ. ಎರಡು ಲೋಹಗಳ ಮೇಲ್ಮೈಗಳು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಅವು ನಿಜವಾಗಿ ಮುಟ್ಟುವುದು ಕೆಲವೇ ಉಬ್ಬುಗಳ ತುದಿಗಳಲ್ಲಿ. ಅಲ್ಲಿ ಕೊಳೆಯ ತೆಳುಪದರ ಸೇರಿದರೆ ರೋಧವು ಏರುತ್ತದೆ. ಕಿತ್ತು ಸಿಕ್ಕಿಸುವಾಗಿನ ಉಜ್ಜುವಿಕೆಯೇ ಅರ್ಧ ಔಷಧ. ಕೆಲವರು ಪೆನ್ಸಿಲಿನ ರಬ್ಬರಿನಿಂದ ತಿಕ್ಕುವರು. ಹೊನ್ನಿನ ಲೇಪ ಬಹಳ ತೆಳುವಾದುದರಿಂದ ಇದು ಜಾಣತನವಲ್ಲ.

ಬೇಸಗೆಯ ಮಧ್ಯಾಹ್ನಗಳಲ್ಲಿ ಯಂತ್ರವು ತಾನೇ ತಾನಾಗಿ ಆರಿ ಹೊತ್ತಿಕೊಂಡರೆ ಆತನ ಸಂಶಯವು ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಕಡೆಗೆ ತಿರುಗುತ್ತದೆ. ಈ ಪೆಟ್ಟಿಗೆಯು ಗೋಡೆಯ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ಸುಮಾರು 325 ವೋಲ್ಟಿನ ನೇರ ಪ್ರವಾಹವನ್ನಾಗಿ ಮಾಡಿ, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಾರಿ ಕತ್ತರಿಸಿ, ಬೇಕಾದ ಅಲ್ಪ ವಿಭವಗಳಿಗೆ ಇಳಿಸುವುದು. ಇಷ್ಟು ವೇಗವಾಗಿ ಕತ್ತರಿಸುವುದರಿಂದಲೇ ಅದರ ಪರಿವರ್ತಕವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಕತ್ತರಿಸಿದ ಪ್ರವಾಹದ ಏರುಪೇರುಗಳನ್ನು ಸಮಮಾಡುವುವು ಕೆಪ್ಯಾಸಿಟರುಗಳೆಂಬ ಅಲ್ಯೂಮಿನಿಯಮ್ ಡಬ್ಬಿಗಳು. ಅವುಗಳೊಳಗಿನ ದ್ರವವು ಬಿಸಿಗೆ ಮೆಲ್ಲಮೆಲ್ಲನೆ ಆರಿಹೋಗುವುದು. ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆಯುಸ್ಸು ಇಮ್ಮಡಿಸುವುದೆಂಬುದು ಸ್ಥೂಲವಾದ ನಿಯಮ. ಫ್ಯಾನಿನ ಮೇಲಿನ ಧೂಳನ್ನು ಒರೆಸುವುದಕ್ಕೆ ಆತನು ಅಷ್ಟು ಪ್ರಾಶಸ್ತ್ಯ ಕೊಡುವುದು ಇದಕ್ಕಾಗಿಯೇ. ಡಬ್ಬಿಯ ನೆತ್ತಿಯು ಉಬ್ಬಿದ್ದರೆ ರೋಗವು ಖಚಿತ. ಒಳಗಿನ ಅನಿಲವು ಸ್ಫೋಟಿಸದೆ ಸೀಳಿ ಹೊರಬರಲೆಂದೇ ದೊಡ್ಡ ಡಬ್ಬಿಗಳ ನೆತ್ತಿಯ ಮೇಲೆ ಗೀರುಗಳನ್ನು ಕೊರೆದಿರುತ್ತಾರೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಎಚ್ಚರಿಕೆ. ತಂತಿಯನ್ನು ಕಿತ್ತ ಮೇಲೂ ಈ ಪೆಟ್ಟಿಗೆಯ ದೊಡ್ಡ ಕೆಪ್ಯಾಸಿಟರಿನಲ್ಲಿ ವಿದ್ಯುದಂಶವು ಉಳಿದಿರಬಹುದು. 470 ಮೈಕ್ರೋಫ್ಯಾರಡಿನ ಕೆಪ್ಯಾಸಿಟರು 325 ವೋಲ್ಟಿನಲ್ಲಿ ಸುಮಾರು 25 ಜೂಲ್ ಶಕ್ತಿಯನ್ನು ಹಿಡಿದಿರುವುದು. ಒಂದು ಕಿಲೋಗ್ರಾಮಿನ ಕಲ್ಲು ಎರಡೂವರೆ ಮೀಟರ್ ಎತ್ತರದಿಂದ ಬಿದ್ದಂತೆ. ಈ ಪೆಟ್ಟಿಗೆಯನ್ನು ನೀವು ತೆರೆಯಕೂಡದು.

ಇಷ್ಟು ಹಗಲಿನ ಮಾತಾಯಿತು. ರಾತ್ರಿ ಈತನೇನು ಮಾಡುವನೆಂಬುದು ನಮಗೆ ತಿಳಿದದ್ದು ಆಮೇಲೆ. ಆತನು ಹವ್ಯಾಸಿ ರೇಡಿಯೋಗಾರ. ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಸ್ವಂತ ಕರೆಹೆಸರಿನಿಂದ ದೂರದೂರದವರೊಡನೆ ಮಾತನಾಡುವವನು. ಮನೆಯ ತಾರಸಿಯಿಂದ ತೆಂಗಿನ ಮರಕ್ಕೆ 20 ಮೀಟರಿನ ತಂತಿ ಎಳೆದಿದ್ದಾನೆ. ಆತನು ಬಳಸುವುದು 70 ರಿಂದ 72 ಲಕ್ಷ ಹರ್ಟ್ಸಿನ ಪಟ್ಟಿ; ಆ ಅಲೆಗಳ ಉದ್ದ ಸುಮಾರು 42 ಮೀಟರು, ತಂತಿಯು ಅದರ ಅರ್ಧಕ್ಕೆ ತುಸು ಕಡಿಮೆ. ಹಗಲಿನಲ್ಲಿ ಅಯಾನಮಂಡಲದ ಅತಿ ಕೆಳಗಿನ ಪದರವು ಈ ಅಲೆಗಳನ್ನು ಬಹುಮಟ್ಟಿಗೆ ಹೀರಿಬಿಡುವುದು. ಸೂರ್ಯನು ಮುಳುಗಿದೊಡನೆ ಆ ಪದರವು ಕರಗುವುದು. ಅಲೆಗಳು ಇನ್ನೂ ಮೇಲಿನ ಪದರದವರೆಗೆ ಏರಿ, ಬಾಗಿ, ಸಾವಿರಾರು ಕಿಲೋಮೀಟರು ಆಚೆ ಇಳಿಯುವುವು.

ಒಂದು ರಾತ್ರಿ ಆತನ ರೇಡಿಯೋದಲ್ಲಿ ದುಂಬಿಯ ಮೊರೆತದಂಥ ಸದ್ದು ತುಂಬಿ, ಮಾತೇ ಕೇಳದಾಯಿತಂತೆ. ಆತನು ರೇಡಿಯೋವನ್ನು ಬ್ಯಾಟರಿಗೆ ಜೋಡಿಸಿ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಿದನು. ಸದ್ದು ನಿಂತಿತು. ನೆರೆಹೊರೆಯೆಲ್ಲ ಒಂದೇ ಏಟಿಗೆ ನಿರ್ದೋಷಿ! ಬಳಿಕ ಅರ್ಧ ಮನೆಗೆ ವಿದ್ಯುತ್ತು, ಮತ್ತೆ ಅದರ ಅರ್ಧಕ್ಕೆ. ಐದನೆಯ ಪ್ರಯೋಗಕ್ಕೆ ಕಳ್ಳನು ಸಿಕ್ಕಿದನು: ಮೀನಿನ ತೊಟ್ಟಿಯ ದೀಪಕ್ಕೆ ವಿದ್ಯುತ್ತು ಕೊಡುವ ಸಣ್ಣ ಪೆಟ್ಟಿಗೆ. ಅದೂ ಪ್ರವಾಹವನ್ನು ಕತ್ತರಿಸುವ ಜಾತಿಯದೇ. 65,000 ಹರ್ಟ್ಸಿನಲ್ಲಿ ಕತ್ತರಿಸುವ ಪೆಟ್ಟಿಗೆಯು ಆ ಆವೃತ್ತಿಯ ಗುಣಕಗಳನ್ನೆಲ್ಲ ಕ್ಷೀಣವಾಗಿ ಹೊರಸೂಸಬಲ್ಲುದು. 108ನೆಯ ಗುಣಕವನ್ನು ಲೆಕ್ಕ ಮಾಡಿದರೆ 70,20,000 ಹರ್ಟ್ಸ್, ಸರಿಯಾಗಿ ಆತನ ಪಟ್ಟಿಯೊಳಗೆ. ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗೆ ನೆತ್ತಿ ಉಬ್ಬಿದ ಡಬ್ಬಿಯೊಂದು ಕುಳಿತಿತ್ತು.

ಆತನ ರೇಡಿಯೋ ಕೊಂಡು ತಂದದ್ದಲ್ಲ. ಹೈದರಾಬಾದಿನ ಹವ್ಯಾಸಿ ಅಷ್ಹರ್ ಫರ್ಹಾನ್ ಅವರು ರಚಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಬಿಟೆಕ್ಸ್ ಎಂಬ ಮಾದರಿಯನ್ನು ಅನುಸರಿಸಿ ಕಟ್ಟಿದ್ದು. ಪಟ್ಟಿಯಲ್ಲಿ ಒತ್ತೊತ್ತಾಗಿರುವ ನೂರಾರು ಧ್ವನಿಗಳಿಂದ ಒಂದನ್ನೇ ಸೋಸಿ ತೆಗೆಯುವ ಜರಡಿ ಅದರಲ್ಲಿ ಯಾವುದು ಗೊತ್ತೆ? ಬೆಣಚಿನ ಹರಳುಗಳೇ. ಒಂದೇ ಆವೃತ್ತಿಯ ನಾಲ್ಕು ಹರಳುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರೆ, ಅವು ಎರಡು ಮೂರು ಸಾವಿರ ಹರ್ಟ್ಸಿನ ಕಿರಿದಾದ ಕಿಟಕಿಯನ್ನು ಮಾತ್ರ ತೆರೆದು, ಉಳಿದುದನ್ನೆಲ್ಲ ತಡೆಯುವುವು. ಗಣಕಗಳಿಗಾಗಿ ರಾಶಿ ರಾಶಿಯಾಗಿ ತಯಾರಾದ ಅಗ್ಗದ ಹರಳುಗಳೇ ಈ ಕೆಲಸಕ್ಕೆ ಸಾಕು. ಆದರೆ ಒಂದೇ ಸಂಖ್ಯೆ ಬರೆದಿರುವ ಹರಳುಗಳೂ ಒಂದಕ್ಕೊಂದು ನೂರಾರು ಹರ್ಟ್ಸ್ ವ್ಯತ್ಯಾಸವಿರುವುದರಿಂದ, ಹತ್ತಾರನ್ನು ಅಳೆದು ಹೊಂದುವ ನಾಲ್ಕನ್ನು ಆರಿಸಬೇಕು. ನಮ್ಮ ಕಾಲೇಜು ಹಳೆಯ ಯಂತ್ರಭಾಗಗಳನ್ನು ಗುಜರಿಗೆ ಹಾಕುವಾಗ ಅವುಗಳ ಮೇಲಿನ 12 ಮೆಗಾಹರ್ಟ್ಸಿನ ಹರಳುಗಳನ್ನು ತನಗೆ ಕೊಡಿರೆಂದು ಆತನು ಕೇಳಿದ್ದನು. ಏಕೆಂದು ಅರಿಯದೆಯೇ ನಾವು ಸಹಿ ಹಾಕಿದ್ದೆವು.

ಮೊನ್ನೆ ರಾತ್ರಿ ಆತನ ಮನೆಗೆ ಹೋಗಿದ್ದೆವು. ಒಂಬತ್ತರ ಸುಮಾರಿಗೆ ಗೊರಗೊರ ಸದ್ದಿನ ನಡುವಿನಿಂದ ಕೊಲಂಬೋದ ಹವ್ಯಾಸಿಯೊಬ್ಬರ ಧ್ವನಿ ಮೇಲೆದ್ದಿತು. ಜರಡಿಯ ನಾಲ್ಕು ಹರಳುಗಳಲ್ಲಿ ಎರಡು ನಮ್ಮ ಗಣಕಶಾಲೆಯವೆಂದು ಮಿತ್ರನು ಬೆರಳಿಟ್ಟು ತೋರಿಸಿದನು. ಮಾತು ಮುಗಿದ ಬಳಿಕ ಕೈಗಡಿಯಾರವನ್ನು ನೋಡಿ, ಅದರಿಂದ ಐದೂವರೆ ಗಂಟೆಯನ್ನು ಕಳೆದು, ವಿಶ್ವವೇಳೆಯನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡನು.