ಅಂಕಗಳ ಸಾಲು ನಡುಗುವುದೇಕೆ?

ಪ್ರಶ್ನೆ: ಬಾಲ್ಯದಲ್ಲಿ ಟೀವಿಗೆ ಜೋಡಿಸಿ ಆಡುತ್ತಿದ್ದ ಮಾರಿಯೋವನ್ನು ಈಗ ಎಮ್ಯುಲೇಟರುಗಳಲ್ಲಿ ಆಡಿದರೆ, ಒಂದರಲ್ಲಿ ಸ್ಥಿರವಾಗಿರುವ ಅಂಕಗಳ ಸಾಲು ಇನ್ನೊಂದರಲ್ಲಿ ನಡುಗುತ್ತದೆ. ಕಾರಣವೇನು?
– ಓದುಗರೊಬ್ಬರು, ಪುಂಜಾಲಕಟ್ಟೆ

ಉತ್ತರ: ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪ್ರೋಗ್ರಾಮೇ ಎಮ್ಯುಲೇಟರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯ ಮನೆಗಳನ್ನು ಹೊಕ್ಕ ಆ ಆಟದ ಯಂತ್ರಗಳಲ್ಲಿ ಬಹುಪಾಲು, 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ಫ್ಯಾಮಿಕಾಮಿನ ಅನುಕರಣಗಳೇ ಆಗಿದ್ದುವು. ಅದರ ಗರ್ಭದಲ್ಲಿ ಗಣಿತಕ್ಕೊಂದು ಚಿಪ್, ಚಿತ್ರಕ್ಕೊಂದು ಚಿಪ್. ಯಕ್ಷಗಾನದಲ್ಲಿ ಭಾಗವತರ ಜಾಗಟೆಯ ಒಂದು ಪೆಟ್ಟಿಗೆ ಚೆಂಡೆಯವರು ಮೂರು ನುಡಿಸಿದಂತೆ, ಮೊದಲನೆಯದು ಒಂದು ಹೆಜ್ಜೆಯಿಡುವಷ್ಟರಲ್ಲಿ ಎರಡನೆಯದು ಮೂರು ಚುಕ್ಕೆಗಳನ್ನು ಬರೆದು ಮುಗಿಸುತ್ತದೆ. ಈ ತಾಳವೇ ಸರ್ವಸ್ವ. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಅಂಕಗಳ ಸಾಲಿನ ಪುಟ್ಟ ನಾಣ್ಯದ ಅಡಿಭಾಗದಲ್ಲಿ ಗುಪ್ತವಾಗಿ ಒಂದು ಬಿಡಿಚಿತ್ರವನ್ನು, ಎಂದರೆ ಹಿನ್ನೆಲೆಯಿಂದ ಬೇರೆಯಾಗಿ ಬರೆಯುವ ಪುಟ್ಟ ಚಿತ್ರವನ್ನು, ಇರಿಸಿದ್ದಾರೆ. ಪರದೆಯ ಮೇಲೆ ಅದು ಮೂಡುವ ಕ್ಷಣದಲ್ಲಿ ಚಿತ್ರದ ಚಿಪ್ ಸಂಕೇತವೀಯುತ್ತದೆ, ಅದನ್ನೇ ಕಾದಿದ್ದ ಆಟವು ಅಲ್ಲಿಂದ ಕೆಳಗಿನ ದೃಶ್ಯವನ್ನಷ್ಟೇ ಸರಿಸುತ್ತದೆ. ಸಂಕೇತವು ತುಸು ತಡವಾದರೆ ಸಾಲು ನಡುಗದೆ ಏನು ಮಾಡೀತು!

1997ರ ನೆಸ್ಟಿಕಲ್‌ನಂತಹ ಆದ್ಯ ಎಮ್ಯುಲೇಟರುಗಳು, ಅಂದಿನ ಕಂಪ್ಯೂಟರುಗಳ ಅಲ್ಪಶಕ್ತಿಯನ್ನು ಬಲ್ಲವಾದುದರಿಂದ, ಅಂದಾಜಿನ ಕಾಲಗಣನೆಯಲ್ಲಿಯೇ ತೃಪ್ತವಾದುವು. ಅನಂತರದ ಸಾಹಸಿಗಳು ಮೂಲಯಂತ್ರದಲ್ಲಿ ಪರೀಕ್ಷಾ ಪ್ರೋಗ್ರಾಮುಗಳನ್ನು ಓಡಿಸಿ ಹೋಲಿಸಿದರು. ಕೆಲವರಂತೂ ಚಿಪ್ಪಿನ ಹೊದಿಕೆಯನ್ನು ಆಮ್ಲದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದಡಿ ಅದರ ಛಾಯಾಚಿತ್ರ ತೆಗೆದು, ಟ್ರಾನ್ಸಿಸ್ಟರುಗಳ ಜಾಡನ್ನೇ ಹಿಡಿದರು. ಯಂತ್ರದ ದೋಷವನ್ನೂ ಅನುಕರಿಸಬೇಕೆಂಬುದು ಅವರ ವ್ರತ: ಒಂದು ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಬಿಡಿಚಿತ್ರಗಳನ್ನು ಬರೆಯಲಾರದ ಮೂಲಯಂತ್ರದಲ್ಲಿ ಶತ್ರುಗಳು ಮಿಣುಕುತ್ತಿದ್ದರಷ್ಟೆ? ಆ ಮಿಣುಕನ್ನು ತೆಗೆಯುವ ಸೌಕರ್ಯವನ್ನು ಕೆಲವು ಎಮ್ಯುಲೇಟರುಗಳು ಕೊಡುತ್ತವೆಯಾದರೂ, ನನಗಂತೂ ಅದಿಲ್ಲದ ಆಟ ಸಪ್ಪೆ.