ವೆಬ್‌ಸಾಕೆಟ್ ಸರ್ವರಿನಲ್ಲಿ ಒಳಬರುವ ಸಂದೇಶಗಳ ನಿಯಂತ್ರಣ

2011ರಲ್ಲಿ ಪ್ರಕಟವಾದ ವೆಬ್‌ಸಾಕೆಟ್ ನಿಯಮಾವಳಿಯಲ್ಲಿ, ಸಂದೇಶಗಳನ್ನು ಸ್ವಲ್ಪ ತಡೆಯೆಂದು ಎದುರು ಪಕ್ಷಕ್ಕೆ ತಿಳಿಸುವ ಸಂಕೇತವಿಲ್ಲ. ಸಂಸ್ಕರಣಕ್ಕಿಂತ ಆಗಮನದ ವೇಗ ಹೆಚ್ಚಿದಾಗ, ಮಿತಿಯಿಲ್ಲದ ಸರದಿಯು ಬೆಳೆದು ಮೆಮೊರಿಯನ್ನೆಲ್ಲ ಆಕ್ರಮಿಸಿ ಸರ್ವರನ್ನೇ ಕೆಡವಬಹುದು. ಒಬ್ಬನ ಅತಿವೇಗಕ್ಕೆ ಎಲ್ಲರೂ ದಂಡ ತೆರಬೇಕಾಗುತ್ತದೆ.

ಪರಿಹಾರವು ಕೆಳಗಣ ಟಿಸಿಪಿ ಸ್ತರದಲ್ಲಿದೆ. ನಾವು ಸರದಿಗೆ 16 ಸಂದೇಶಗಳ ಮಿತಿಯಿಟ್ಟು, ಅದು ತುಂಬಿದೊಡನೆ ಸಾಕೆಟ್ಟಿನಿಂದ ಓದುವುದನ್ನು ನಿಲ್ಲಿಸಿದೆವೆನ್ನೋಣ. ಆಗ ಕರ್ನೆಲಿನ ಬಫರು ತುಂಬುತ್ತದೆ. ಟಿಸಿಪಿಯು ಸಾರುವ ಸ್ವೀಕಾರದ ಅವಕಾಶವು ಕುಗ್ಗುತ್ತ ಸೊನ್ನೆಗಿಳಿಯುತ್ತದೆ. ಉಳಿದ ಸಂದೇಶಗಳ ಹೊರೆಯು ಕಳುಹಿಸುವವನಲ್ಲಿಯೇ ನಿಲ್ಲುತ್ತದೆ. ಸರದಿ ತೆರವಾದೊಡನೆ ಓದನ್ನು ಮುಂದುವರಿಸಬಹುದು.

ಆದರೆ ಸಂಪರ್ಕವು ಜೀವಂತವೆಂದು ತಿಳಿಸುವ ಪಾಂಗ್ ಉತ್ತರವೂ ಇದೇ ಹಾದಿಯಲ್ಲಿ ಬರುವುದರಿಂದ, ಓದು ನಿಂತಾಗ ಅದೂ ತಡವಾಗುತ್ತದೆ. ಆದಕಾರಣ ಸುಸ್ಥಿತಿಯ ಸಂಪರ್ಕವನ್ನು ಸತ್ತುದೆಂದು ಕಡಿಯದಂತೆ, ಪಾಂಗಿಗೆ ಕಾಯುವ ಅವಧಿಯನ್ನು ಈ ತಡೆಗೆ ಹೊಂದುವಂತೆ ನಾವು ನಿರ್ಧರಿಸಬೇಕು.